ಅಕ್ಕನ ಬೆಲ್ಲು, ನನ್ನ ಮೂರನೆಯ ಕನ್ಸೋಲು

ನನ್ನ ಅಕ್ಕ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಯಾರದೋ ಮಾತನ್ನು ಇನ್ಯಾರಿಗೋ ಮುಟ್ಟಿಸುವುದರಲ್ಲೇ ಅವಳ ತಲೆ ನರೆಯಿತು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳೇ. ತಾನು ಮದುವೆಯ ಮಾತೇ ಎತ್ತಲಿಲ್ಲ. ಫೋನಿನಲ್ಲಿ ಯಾರು ಎಷ್ಟೇ ಬೈದರೂ, "ಸ್ವಲ್ಪ ತಾಳಿ, ಲೈನ್ ಎಂಗೇಜ್ ಇದೆ" ಎನ್ನುತ್ತಿದ್ದಳಂತೆ. ಮನೆಯಲ್ಲಿ ನಾನು ಹಸಿವೆಂದು ಕುಣಿದರೂ ಅದೇ ಮಾತು, ಅದೇ ದನಿ.

ಹೋದ ವರ್ಷ ಜಾರಿಬಿದ್ದು ಸೊಂಟ ಮುರಿದುಕೊಂಡಳು. ನಮ್ಮ ಮನೆಯ ಹಿಂದಿನ ಕೋಣೆಗೆ ಕರೆತಂದೆವು. ಒಬ್ಬಳೇ ಎದ್ದು ಬಚ್ಚಲಿಗೂ ಹೋಗುವಂತಿಲ್ಲ. ಅದಕ್ಕೆಂದು ನಾನೇ ಒಂದು ವೈಫೈ ಬೆಲ್ಲು ತಂದೆ. ಅವಳು ಮಂಚದಲ್ಲಿ ಒತ್ತಿದರೆ ನಮ್ಮ ಫೋನುಗಳಲ್ಲೂ ನಡುಮನೆಯಲ್ಲೂ ಸದ್ದಾಗುತ್ತದೆ. ಜೋಡಿಸುವಾಗ ಅದಕ್ಕೊಂದು ಹೆಸರು ಕೊಡಿ ಎಂದು ಫೋನು ಕೇಳಿತು. ಆಮೇಲೆ ಹಾಕಿದರಾಯಿತು ಎಂದು ಬಿಟ್ಟೆ. ನನ್ನ ಸೋಮಾರಿತನಕ್ಕಿಷ್ಟು ಬೆಂಕಿ ಹಾಕ.

ನನ್ನ ಇಬ್ಬರು ಹೆಣ್ಣುಮಕ್ಕಳ ಹತ್ತಿರ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲುಗಳಿದ್ದವು. ಅವರ ಜೊತೆ ಕಾರ್ ರೇಸ್ ಆಡಬೇಕೆಂದು, ಐವತ್ತು ಮುಟ್ಟುತ್ತಿರುವ ನಾನೂ ಟೀವಿಗೆ ಹಾಕುವಂಥದ್ದೊಂದು ತಂದೆ. ಭಾನುವಾರ ಮಧ್ಯಾಹ್ನ, ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಏನು ಮಾಡಿದರೂ ನನ್ನದು ಮಾತ್ರ ವೈಫೈಗೆ ಸೇರಲೊಲ್ಲದು.

"ಸರ್ವಿಸ್‌ನವರನ್ನ ಕರೆಸೋಣ ಅಪ್ಪಾ," ಅಂದಳು ದೊಡ್ಡವಳು.

"ನಿಮ್ಮಪ್ಪ ಏನು ಸತ್ತಿದಾನಾ?"

ರೂಟರಿನ ಪಟ್ಟಿ ತೆರೆದೆ. ನಮ್ಮ ಬಡಪಾಯಿ ರೂಟರಿಗೆ ಹತ್ತೇ ಕನೆಕ್ಷನ್, ಹತ್ತೂ ತುಂಬಿದ್ದವು. ಫೋನುಗಳು, ಟೀವಿ, ಮಕ್ಕಳ ಕನ್ಸೋಲುಗಳು, ಎಲ್ಲಕ್ಕೂ ಹೆಸರಿತ್ತು. ಒಂದಕ್ಕೆ ಮಾತ್ರ ಬರೀ ಅಕ್ಷರ, ಅಂಕಿ. "ಪಕ್ಕದ್ಮನೆಯವನೇ ಇವನು, ಬಿಟ್ಟಿ ನೆಟ್ ಉಡಾಯಿಸ್ತಾ ಇದಾನೆ," ಎಂದು ಅದನ್ನು ಬ್ಲಾಕ್ ಮಾಡಿದೆ. ನನ್ನ ಕನ್ಸೋಲು ಕ್ಷಣದಲ್ಲಿ ಸೇರಿಕೊಂಡಿತು. ಮೀಸೆ ತಿರುವಿದೆ. ಮೂವರೂ ಹೆಡ್‌ಫೋನ್ ಹಾಕಿಕೊಂಡು ಕೂತೆವು.

ಐದು ಗಂಟೆಗೆ ಟೀ ಹಿಡಿದು ಒಳಗೆ ಹೋದೆ. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಸಿಗೆ ಒದ್ದೆಯಾಗಿತ್ತು. ಬೆಲ್ಲು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಮೂರು ಗಂಟೆಯಿಂದ ಒತ್ತುತ್ತಾ ಇದೀನಿ ಕಣೋ," ಅಂದಳು. "ಮಕ್ಕಳನ್ನ ಒಳಗೆ ಬಿಡಬೇಡ."

ಆ ಹೆಸರಿಲ್ಲದ ಹತ್ತನೆಯದು ಯಾವುದೆಂದು ಆಗ ಹೊಳೆಯಿತು. ಹೊಳೆದ ಮೇಲೂ ಬಾಯಿಂದ ಬಂದದ್ದೇನು? "ಬ್ಯಾಟರಿ ಹೋಗಿರ್ಬೇಕು ಅಕ್ಕ." ಅವಳು ಸುಮ್ಮನೆ ಹೂಂ ಅಂದಳು.

ಅವತ್ತೇ ನನ್ನ ಕನ್ಸೋಲನ್ನು ಕಿತ್ತು ಡಬ್ಬಕ್ಕೆ ತುಂಬಿದೆ, ಬೆಲ್ಲನ್ನು ಮತ್ತೆ ಸೇರಿಸಿ 'ಅಕ್ಕ' ಎಂದು ಹೆಸರು ಹಾಕಿದೆ. ಮುಂದಿನ ನಾಲ್ಕು ದಿನ ಅದು ಒಮ್ಮೆಯೂ ಸದ್ದು ಮಾಡಲಿಲ್ಲ. ಸದ್ಯ, ಎಲ್ಲಾ ಸರಿಹೋಯಿತು ಎಂದುಕೊಂಡೆ, ಮುಠ್ಠಾಳ. ಐದನೆಯ ದಿನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

"ಬೆಳಿಗ್ಗೆ ಇಟ್ಟ ನೀರಿನ ಜಗ್ಗು ದಿನಾ ಹಾಗೇ ವಾಪಸ್ ಬರ್ತಿದೆ. ನಾವಾಗೇ ಹೋದಾಗ ಮಾತ್ರ ಬಚ್ಚಲಿಗೆ ಎದ್ದು ಬರ್ತಾರೆ. ನಿಮ್ಮಕ್ಕ ನೀರು ಕುಡಿಯೋದನ್ನೇ ಬಿಟ್ಟಿದಾರೆ. ಯಾಕೆ ಅಂತ ನೀವೇ ಕೇಳಿ."

ಕೇಳುವುದೇನು, ಯಾಕೆಂದು ನನಗೆ ಗೊತ್ತಿತ್ತು. ಹೋಗಿ ಮಂಚದ ತುದಿಯಲ್ಲಿ ಕೂತೆ.

"ಅಕ್ಕ, ಅವತ್ತು ಬ್ಯಾಟರಿ ಹೋಗಿರ್ಲಿಲ್ಲ."

"ಗೊತ್ತು. ಒತ್ತಿದಾಗೆಲ್ಲ ಬೆಲ್ಲಿನ ದೀಪ ಹತ್ತುತ್ತಿತ್ತು. ಈ ಕಡೆ ದೀಪ ಹತ್ತಿ ಆ ಕಡೆ ಸದ್ದಾಗಲಿಲ್ಲ ಅಂದ್ರೆ ಆ ಕಡೆಯವರೇ ಲೈನ್ ಕಿತ್ತಿದಾರೆ ಅಂತ. ಅಷ್ಟು ವರ್ಷ ಅದೇ ಕೆಲಸ ಮಾಡಿದೀನಲ್ಲೋ." ಹೊದಿಕೆ ಸರಿಮಾಡಿಕೊಳ್ಳುತ್ತಾ ಅಂದಳು, "ನಾನೇ ತುಂಬಾ ಸಲ ಒತ್ತುತ್ತಿದ್ದೆ. ನಿಮಗೂ ಬೇಜಾರಾಗಿರುತ್ತೆ."

ನನಗೆ ಅಳು ಬಂತು. ರೂಟರು, ಹತ್ತು ಕನೆಕ್ಷನ್ನು, ಪಕ್ಕದ ಮನೆ, ಕಾರ್ ರೇಸು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ.

ಕೊನೆಗೆ ಜಗ್ಗಿನ ಕಡೆ ಕೈ ತೋರಿಸಿದಳು.

"ಒಂದು ಲೋಟ ನೀರು ಕೊಡು. ತುಂಬ ಕೊಡು."