ಮುದ್ದೆ ನುಂಗುವವರ ಹಲ್ಲು

ರಾಗಿಮುದ್ದೆಯನ್ನು ಅಗಿದು ತಿನ್ನುವವರನ್ನು ಕಂಡರೆ ನಮ್ಮ ಕಡೆಯವರಿಗೆ ಒಳಗೊಳಗೇ ಕನಿಕರ. ತುತ್ತು ಮುರಿದು, ಉಪ್ಪೆಸರಿನಲ್ಲಿ ಹೊರಳಿಸಿ, ಗಂಟಲಿಗೆ ಜಾರಿಬಿಡಬೇಕು. ಹಲ್ಲಿಗೆ ಅದರ ಸುದ್ದಿಯೇ ತಿಳಿಯಬಾರದು. ಈ ಜಾಣ್ಮೆಯ ಬಗ್ಗೆ ನನಗೂ ಹೆಮ್ಮೆಯಿತ್ತು, ಹೋದ ವರ್ಷದವರೆಗೆ. ಊಟದ ಈ ಕ್ರಮವೇ ಹೆಂಗಸರ ಹಲ್ಲಿಗೆ ಮುಳುವಾಗಬಲ್ಲದು ಎಂದರೆ ನೀವು ನಂಬುತ್ತೀರಾ?

ಹೆಮ್ಮಿಗೆಯ ನನ್ನ ತವರಿನಲ್ಲಿ ಅಜ್ಜಿ, ದೊಡ್ಡವ್ವ, ಅವ್ವ ಎಲ್ಲರೂ ನಲವತ್ತು ದಾಟುತ್ತಲೇ ದವಡೆ ಹಲ್ಲು ಕಳೆದುಕೊಂಡವರು. ನೋವೆಂದರೆ ಲವಂಗ, ಅದಕ್ಕೂ ಜಗ್ಗದಿದ್ದರೆ ಇಕ್ಕಳ. ‘ಮುದ್ದೆ ನುಂಗೋರ್ಗೆ ಅಲ್ಲು ಯಾಕೆ?’ ಎಂಬ ಒಂದೇ ಮಾತಿಗೆ ತೀರ್ಮಾನ ಮುಗಿಯುತ್ತಿತ್ತು. ಬಾಡಿನ ಮೂಳೆ ಕಡಿಯುವ ಗಂಡಸರ ಹಲ್ಲಿಗೆ ಮಾತ್ರ ಮೈಸೂರಿನ ಡಾಕ್ಟರು! ಅವ್ವನ ಕೈಹಿಡಿದು ಹಲ್ಲು ಕೀಳಿಸಲು ಕರೆದೊಯ್ದವಳು ನಾನೇ. ಆ ಸಿಟ್ಟು ನನ್ನ ಮೇಲೂ ಇದೆ.

ಅತ್ತಿಗೆಯ ಸರದಿ ಬಂದಾಗ ಅಣ್ಣ ಅವರನ್ನು ನಂಜನಗೂಡಿಗೆ ಕರೆತಂದ. ಮದುವೆಯಾಗಿ ಇಲ್ಲೇ ನೆಲೆಸಿರುವ ನಾನೂ ದಂತವೈದ್ಯರಲ್ಲಿಗೆ ಜೊತೆಗೆ ಹೋದೆ. ಎಕ್ಸ್‌ರೇ ನೋಡಿದ ವೈದ್ಯರು, ಬೇರು ಗಟ್ಟಿಯಿದೆ, ಒಳಗೆ ಸ್ವಚ್ಛಮಾಡಿ ಮೇಲೊಂದು ಕ್ಯಾಪು ಹಾಕಿದರೆ ಹಲ್ಲು ಉಳಿಯುತ್ತದೆ, ಮೂರು ಸಲ ಬರಬೇಕು ಎಂದರು. ಅಣ್ಣ ಮೊಬೈಲು ಚಾಚಿದ.

“ಕಿತ್ತಾಕ್ಬುಡಿ ಸಾ. ಇಲ್ನೋಡಿ, ವಾಟ್ಸಾಪ್ನಲ್ಲಿ ಬಂದದೆ. ಇನ್ನು ಔಷ್ದೀಲೇ ಒಸ ಅಲ್ಲು ಉಟ್ಟುಸ್ತಾರಂತೆ.”

“ಅದಿನ್ನೂ ಪರೀಕ್ಷೆಯಲ್ಲಿದೆ ಯಜಮಾನ್ರೇ. ಯಾವಾಗ ಕೈಗೆ ಸಿಗುತ್ತೋ ಯಾರಿಗೂ ಗೊತ್ತಿಲ್ಲ.”

“ಬಂದೇ ಬತ್ತದೆ, ಕೀಳಿ ಸಾ.”

ನನ್ನ ಮೈ ಉರಿಯಿತು. ಚರ್ಮ ಮಾಯುತ್ತದೆ, ಮುರಿದ ಮೂಳೆ ಕೂಡುತ್ತದೆ, ಬೋಳಿಸಿದ ತಲೆಯಲ್ಲಿ ತಿಂಗಳೊಳಗೆ ಕೂದಲು ಬರುತ್ತದೆ. ಆದರೆ ಹಲ್ಲೆಂಬ ವರವನ್ನು ದೇಹ ಎರಡೇ ಸಲ ಕೊಟ್ಟು ಕೈ ಮುಚ್ಚಿಕೊಳ್ಳುತ್ತದೆ. ಆ ಮುಚ್ಚಿದ ಕೈಯನ್ನು ಬಿಡಿಸಲು ಎಲ್ಲೋ ಯಾರೋ ಪ್ರಯೋಗಾಲಯದಲ್ಲಿ ಕಣ್ಣು ಸವೆಸುತ್ತಿದ್ದರೆ, ಅವರ ತಪಸ್ಸು ನಮ್ಮೂರಿಗೆ ತಲುಪುವಷ್ಟರಲ್ಲಿ ಇದ್ದ ಹಲ್ಲು ಕೀಳಲು ಪರವಾನಗಿಯಾಗಿದೆ! ಆ ಔಷಧಿ ನಾಳೆಯೇ ಬರಲಿ. ಅತ್ತಿಗೆಯನ್ನು ಆಸ್ಪತ್ರೆಗೆ ಕರೆತರುವವರು ಯಾರು? ಹೊಸ ಹಲ್ಲು ಬಂದರೂ ಅದು ನುಂಗುವವರಿಗೆ ಬೇಡದ ಹಲ್ಲೇ ತಾನೆ?

ಬಾಯಿ ತೆರೆಯಹೊರಟೆ. ಅಷ್ಟರಲ್ಲಿ ಕೆನ್ನೆಗೆ ಸೆರಗೊತ್ತಿ ಕೂತಿದ್ದ ಅತ್ತಿಗೆಯೇ ಗಂಡನತ್ತ ತಿರುಗಿದರು.

“ಅಲ್ಲಾ, ಕಬ್ಬು ಕಡಿಯೋವಾಗ ಬುಡವೇ ಅಗ್ದಾಕ್ಬುಟ್ಟು, ಕೂಳೆ ಬರ್ಲಿ ಅಂತ ಬದಿನ್ಮೇಲೆ ಕುಂತ್ಕತೀರಾ?”

ಕಡಿದ ಕಬ್ಬಿನ ಬುಡದಿಂದ ಮರಳಿ ಚಿಗುರುವ ಬೆಳೆಯೇ ಕೂಳೆ. ಕಬ್ಬು ಕಡಿಯುವ ಆಳುಗಳ ಮಚ್ಚು ತುಸು ಆಳಕ್ಕಿಳಿದರೂ ಹಾರಾಡುವ ಅಣ್ಣ ಈಗ ತಡವರಿಸಿದ.

“ಅದ್ಸರಿ, ಮೂರ್ ಕಿತ ಯಾರ್ ಕರ್ಕಬತ್ತಾರಮ್ಮಿ?”

“ನರಸೀಪುರ್ದಲ್ಲಿ ಬಸ್ ಬದ್ಲಾಯ್ಸೋಕೆ ನಂಗೇನ್ ಕಾಲಿಲ್ವಾ?” ಎಂದವರೇ ವೈದ್ಯರತ್ತ ತಿರುಗಿ ಬಾಯಿ ಅಗಲಿಸಿದರು.

ಎರಡನೆಯ ಸಲದ ಚಿಕಿತ್ಸೆಗೆ ಬಂದ ಅವರನ್ನು ಎದುರುಗೊಳ್ಳಲು ನಾನು ಬಸ್ ನಿಲ್ದಾಣಕ್ಕೆ ಹೋದೆ. ಅತ್ತಿಗೆ ಇಳಿದರು. ಅವರ ಹಿಂದೆಯೇ, ಕೆನ್ನೆ ಹಿಡಿದುಕೊಂಡು, ಹೆಮ್ಮಿಗೆಯ ಇನ್ನಿಬ್ಬರು ಹೆಂಗಸರು ಇಳಿದರು.