ಟವೆಲ್ಲಿನ ಕೆಳಗಿನ ಮುಷ್ಟಿ

ಮೇಲವಂಕಿಯ ಸಾತಪ್ಪ ಕಾಕಾ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಹಾವು ನೋಡಲಿಕ್ಕಲ್ಲ. ಬಸ್ಸು ತಪ್ಪಿತ್ತು, ಅದಕ್ಕೆ. ಗೋಕಾಕದಲ್ಲಿ ಎಡಗಣ್ಣಿನ ಪೊರೆ ತೆಗೆಸಿಕೊಂಡು ಎಂಟು ದಿನವಾಗಿತ್ತು. ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಏರಿಸಿ, ಹೆಗಲ ಮೇಲೆ ಟವೆಲ್ ಹಾಕಿ, ನನ್ನ ಅಂಗಡಿಯ ಕಟ್ಟೆಯ ಮೇಲೆ ಸಿನಿಮಾದ ಖಳನಾಯಕನ ಹಾಗೆ ಕುಳಿತಿದ್ದರು. ಈಗ ಬರೆಯುವಾಗ ‘ಕುಳಿತಿದ್ದರು’ ಎಂದು ಬಹುವಚನ ಹಾಕುತ್ತಿದ್ದೇನೆ. ಆಗ ನಾನು ಅಂದದ್ದು, “ಯಾರಾಂವ, ಗಿರಾಕಿ ಬರೂ ದಾರ್ಯಾಗ ಕುಂತಾನ” ಎಂದು.

ಗೋಕಾಕದಲ್ಲಿ ನನ್ನದು ಬಣ್ಣದ ಮೀನು, ಲವ್‌ಬರ್ಡ್ಸ್ ಮಾರುವ ಅಂಗಡಿ. ಅದರ ಹಿಂದಿನ ವರ್ಷ ಕಾರ್ನ್ ಸ್ನೇಕ್ ಎಂಬ ವಿದೇಶಿ ಸಾಕುಹಾವಿನ ಒಂದು ಜೋಡಿ ತಂದು, ಸರಕಾರಕ್ಕೆ ಬರೆದುಕೊಡಬೇಕಾದದ್ದನ್ನೆಲ್ಲ ಬರೆದುಕೊಟ್ಟು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ವಿಷವಿಲ್ಲದ್ದು, ಸಿಟ್ಟಿಲ್ಲದ್ದು. ಆದರೂ ಕೊಳ್ಳಲು ಬಂದವರಿಗಿಂತ ಕೈಮುಗಿಯಲು ಬಂದವರೇ ಹೆಚ್ಚು. ಪಂಚಮಿಯ ದಿನ ನಮ್ಮ ಓಣಿಯ ಕಾಡವ್ವ ತಂಬಿಗೆಯಲ್ಲಿ ಹಾಲು ಹಿಡಿದು ಬಂದು ಪೆಟ್ಟಿಗೆಯ ಮುಂದೆ ನಿಂತಳು.

“ಯವ್ವಾ, ಇದು ಅಮೇರಿಕಾದ್ದು. ಹಾಲು ಕುಡ್ಯಾಂಗಿಲ್ಲ,” ಎಂದೆ.

“ಯಾಕ, ಅಲ್ಲೆ ಎಮ್ಮಿ ಇಲ್ಲೇನು?” ಎಂದವಳೇ ಗಾಜಿನ ಮೇಲೆ ನಾಲ್ಕು ಹನಿ ಎರೆದು ಹೋದಳು. ಗಾಜು ಒರೆಸುವ ಕೆಲಸ ನನಗೆ ಬಂತು.

ಸಾತಪ್ಪ ಕಾಕಾ ಕಟ್ಟೆಯ ಮೇಲೆ ಕುಳಿತ ದಿನ ಆ ಜೋಡಿಯ ಮೊದಲ ಮೊಟ್ಟೆಗಳೊಡೆದು ಹನ್ನೊಂದು ಮರಿಗಳಾಗಿ ಹದಿನೈದು ದಿನವಾಗಿತ್ತು. ಒಂದೊಂದು ಮರಿ ಬೂಟಿನ ಲೇಸಿನಷ್ಟು. ಒಂದೊಂದಕ್ಕೆ ಒಂದೊಂದು ಡಬ್ಬಿ. ಈ ವ್ಯಾಪಾರದಲ್ಲಿ ಹಾವಿಗಿಂತ ಅದರ ಬಣ್ಣದ ಹೆಸರಿಗೇ ಗಿರಾಕಿ. ಮೈಯಲ್ಲಿ ಕಪ್ಪೇ ಇಲ್ಲದ್ದು ಅಮೆಲ್. ಕೆಂಪೇ ಇಲ್ಲದ್ದು ಅನೆರಿ. ಬೂದುಬಣ್ಣಕ್ಕೆ ನೇರಳೆ ಛಾಯೆ ಬರುವುದು ಲ್ಯಾವೆಂಡರ್. ಅದು ಅಪರೂಪ, ಅದಕ್ಕೇ ಎಲ್ಲರಿಗೂ ಬೇಕು. ತಾಯಿ ತಂದೆ ನೋಡಲು ಸಾಧಾರಣ, ಒಳಗೆ ಈ ಎಲ್ಲ ಬಣ್ಣ ಅಡಗಿಸಿಕೊಂಡಿವೆ ಎಂದು ನನಗೆ ಮಾರಿದವನು ಹೇಳಿದ್ದ. ಆದರೆ ಮರಿಯಿದ್ದಾಗ ಅನೆರಿಯೂ ಲ್ಯಾವೆಂಡರೂ ಅವಳಿ ಮಕ್ಕಳ ಹಾಗೆ. ನಾನು ಫೋನಿನ ಚಿತ್ರವನ್ನೂ ಡಬ್ಬಿಯನ್ನೂ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡಿದ್ದೆ.

“ಸಾವ್ಕಾರ್ರ, ಫೋನಿನ್ಯಾಗ ಏನ ಹುಡುಕಾಕತ್ತೀರಿ? ಹುಳ ಇಲ್ಲೆ ಐತಿ,” ಎಂದರು ಕಟ್ಟೆಯ ಮೇಲಿನ ಖಳನಾಯಕರು. ನಮ್ಮ ಕಡೆಯ ಹಿರಿಯರು ಹಾವನ್ನು ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಹೆಸರು ಹಿಡಿದರೆ ಕೇಳಿಸಿಕೊಂಡು ಬಂದೀತೆಂದು.

ಕನ್ನಡಕ ತೆಗೆದರು. ಡಬ್ಬಿಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದರು. “ಇದು ಕೆಂದ. ಕಣ್ಣ ಕೆಂಪ ಐತಿ, ಮೈಯಾಗ ಮಸೀನ ಇಲ್ಲ. ಇದು ಬೂದ. ಗೆರಿ ನೋಡ್ರಿ, ಕಾಡಿಗಿ ತೀಡಿದಂಗ ಅದಾವ. ಬಾಜೂದ್ದು ಬೂದ ಅಲ್ಲ. ಗೆರಿ ಮಾಸ್ಯಾವ, ಕಣ್ಣಿನ ಒಳಗ ಸಣ್ಣ ಕಿಡಿ ಐತಿ. ಇದು ನೇರಳಿ ಕಡೆ ಹೋಗ್ತೈತಿ.”

“ಇದನ್ನ ಎಲ್ಲೆ ಕಲ್ತಿ ಕಾಕಾ?”

“ಮೂಡಲಗಿ ದನದ ಸಂತ್ಯಾಗ.”

ನಲವತ್ತು ವರ್ಷ ಅಲ್ಲಿ ದಲಾಲಿ ಮಾಡಿದವರು ಅವರು. ಖಿಲಾರಿ ತಳಿಯ ಕರು ಹುಟ್ಟುವಾಗ ಕೆಂಚಗಿದ್ದು ಬೆಳೆಯುತ್ತ ಬಿಳಿಯಾಗುತ್ತದೆ. ಯಾವುದು ಹಾಲಿನಂತಾದೀತು, ಯಾವುದು ಮಬ್ಬಾಗಿಯೇ ಉಳಿದೀತು ಎಂದು ಕೊಳ್ಳುವವನಿಗೆ ಇವತ್ತೇ ತಿಳಿಯಬೇಕು. ಸಾತಪ್ಪ ಕಾಕಾ ಕಿವಿಯ ಒಳಮೈ, ಕಣ್ಣರೆಪ್ಪೆಯ ಅಂಚು, ಗೊರಸಿನ ಬುಡ ನೋಡಿ ಹೇಳುತ್ತಿದ್ದರು. ಆದರೆ ಜಾವಳ ಆಗಿರಬೇಕು. ಕೂಸಿನ ಹುಟ್ಟುಗೂದಲು ಮೊದಲ ಸಲ ತೆಗೆಸುವುದಕ್ಕೆ ನಮ್ಮಲ್ಲಿ ಜಾವಳ ಎನ್ನುತ್ತೇವೆ. ಕರುವಿನ ಹುಟ್ಟುಗೂದಲು ಉದುರುವುದಕ್ಕೂ ಅವರು ಅದೇ ಮಾತು ಬಳಸುತ್ತಿದ್ದರು. ಹಾವಿನ ಮರಿ ಹುಟ್ಟಿದ ಎಂಟು ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ ಎಂದು ನಾನು ಹೇಳಿದಾಗ ಅವರ ಮುಖ ಅರಳಿತು. “ಅಂದ್ರ ಹುಳಕ್ಕೂ ಜಾವಳ ಐತಿ ಅನ್ರಿ! ಹಂಗಾದ್ರ ಅದೂ ನಮ್ಮ ಪೈಕಿನ.”

ಹನ್ನೊಂದಕ್ಕೆ ಹನ್ನೊಂದೂ ಅವರು ಹೇಳಿದ ಬಣ್ಣಕ್ಕೇ ಬಂದವು. ಆಮೇಲೆ ಗೋಕಾಕಕ್ಕೆ ಬಂದಾಗಲೆಲ್ಲ ಅಂಗಡಿಗೆ ಬರತೊಡಗಿದರು. ಅವರಿಗೆ ಬೇಕಾದದ್ದು ಒಂದು ಚಹಾ, ನೋಡಲು ಒಂದು ಮರಿ. ಮನೆಯಲ್ಲಿ ಹೆಂಡತಿ ರಾಯವ್ವ ಮಾತ್ರ, “ಹುಳ ಹಿಡಿದ ಕೈಲೆ ರೊಟ್ಟಿ ಮುಟ್ಟಬ್ಯಾಡ” ಎಂದು ಅಂಗಳದಲ್ಲೇ ಕೈಕಾಲು ತೊಳೆಸಿ ಒಳಗೆ ಬಿಡುತ್ತಿದ್ದಳಂತೆ.

ನಾನು ವ್ಯಾಪಾರಿ, ಇಂಥ ಮನುಷ್ಯನನ್ನು ಬರೀ ಚಹಾ ಕುಡಿಯಲು ಬಿಡುತ್ತೇನೆಯೇ? ಹಾವು ಸಾಕುವವರ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ಮರಿಯ ಫೋಟೋದ ಕೆಳಗೆ ‘ಸಾತಪ್ಪಜ್ಜ ನೋಡಿದ್ದು’ ಎಂದು ಬರೆಯತೊಡಗಿದೆ. ಬಂಗಾರಕ್ಕೆ ಮುದ್ರೆ ಒತ್ತಿದ ಹಾಗೆ. ಮಂದಿ ನನ್ನ ಮಾತು ನಂಬದಿದ್ದರೂ ಆ ಸಾಲು ನಂಬಿದರು.

ಅವರು ಗಿರಾಕಿಯ ಎದುರು ಎಂದೂ ಬಾಯಿಬಿಟ್ಟು ಬಣ್ಣ ಹೇಳಿದವರಲ್ಲ. ಸಂತೆಯ ರೂಢಿಯಂತೆ ಟವೆಲ್ ಇಳಿಸಿ, ಅದರ ಕೆಳಗೆ ನನ್ನ ಕೈ ಹಿಡಿದು ಬೆರಳಲ್ಲಿ ಹೇಳುತ್ತಿದ್ದರು. ಒಂದು ಬೆರಳು ಕೆಂದ, ಎರಡು ಬೂದ, ಮೂರು ನೇರಳೆ. ಮುಷ್ಟಿ ಕಟ್ಟಿದರೆ, ಜಾವಳ ಆಗಿಲ್ಲ, ಸುಮ್ಮನಿರು ಎಂದು.

“ಬಾಯಿಲೆ ಅಂದದ್ದು ಊರಿಗೆಲ್ಲಾ ಹೋಗ್ತೈತ್ರಿ. ಬೆರಳಿಲೆ ಅಂದದ್ದು ಇಬ್ಬರ ನಡುವ ಉಳೀತೈತಿ,” ಎನ್ನುತ್ತಿದ್ದರು. ಇನ್ನೂ ಒಂದು ಕಟ್ಟಳೆ ಅವರದಿತ್ತು. ಮಾಲಕ ಗಿರಾಕಿಗೆ ಏನೇ ಹೇಳಲಿ, ದಲಾಲ ಅಲ್ಲೇ ಅವನ ಮಾತು ಮುರಿಯಬಾರದು. ಆ ಕಟ್ಟಳೆ ನನಗೆ ಬಹಳ ಹಿಡಿಸಿತ್ತು.

ಹೋದ ವರ್ಷ ಎರಡನೆಯ ಸಲ ಮರಿಗಳಾದವು. ಐದನೆಯ ದಿನಕ್ಕೇ ಹುಕ್ಕೇರಿಯಿಂದ ಪೂನಮ್ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹುಡುಗಿ. ಅವಳ ಲ್ಯಾವೆಂಡರ್ ಸತ್ತುಹೋಗಿತ್ತು. ಅಂಥದ್ದೇ ಬೇಕೆಂದು ಹಟ. ಹುಕ್ಕೇರಿಯಲ್ಲೂ ಒಬ್ಬ ಹೊಸದಾಗಿ ಈ ಧಂದೆ ಸುರು ಮಾಡಿದ್ದ. “ನಿಮ್ಮಲ್ಲಿ ಇಲ್ಲಂದ್ರ ಹೇಳಿಬಿಡ್ರಿ ಅಣ್ಣಾರ, ಅಲ್ಲೆ ನೋಡ್ತೇನಿ,” ಎಂದಳು. ಆ ‘ಅಲ್ಲೆ’ ಕೇಳಿದ್ದೇ ನಾನು ಡಬ್ಬಿಗಳ ಸಾಲಿಗೆ ಕೈ ಹಾಕಿದೆ.

ಕಾಕಾ ಅಲ್ಲೇ ಇದ್ದರು. ಬೂದುಬಣ್ಣದ ಮರಿಯಿದ್ದ ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಪೊರೆ ಬಿಡುವ ಮೊದಲು ಹಾವಿನ ಕಣ್ಣಿಗೆ ಹಾಲು ಕಟ್ಟಿದಂತಾಗುತ್ತದೆ. ಆ ಮರಿಗೆ ಹಾಗಾಗಿತ್ತು. ಕಿಡಿ ಇದೆಯೋ ಇಲ್ಲವೋ ಕಾಣುವಂತಿರಲಿಲ್ಲ. ಮೂರು ಸಲ ತಿರುಗಿಸಿ ನೋಡಿದರು. ಟವೆಲ್ ಇಳಿಸಿದರು. ನನ್ನ ಅಂಗೈಯಲ್ಲಿ ಮುಷ್ಟಿ ಕಟ್ಟಿದರು.

“ಅಜ್ಜಾರು ಏನಂದ್ರು?” ಎಂದಳು ಪೂನಮ್.

“ಲ್ಯಾವೆಂಡರ್ ಅಂದಾರ್ರಿ. ಅವರು ಅಂದ ಮ್ಯಾಲ ಮುಗೀತು.”

ಅಂಗೈಯೊಳಗಿನ ಮುಷ್ಟಿ ಬಿಚ್ಚಲಿಲ್ಲ, ಅಲುಗಲೂ ಇಲ್ಲ. ಹೊಳೆಯ ಕಲ್ಲು ಹಿಡಿದ ಹಾಗಿತ್ತು. ಪೂನಮ್ ಅವರಿಗೆ ಕೈಮುಗಿದು, “ಅಜ್ಜಾರ, ನಿಮ್ಮ ಮಾತಿನ ಮ್ಯಾಲ ಒಯ್ಯಾಕತ್ತೇನ್ರಿ,” ಎಂದಳು.

ಕಾಕಾ ನನ್ನ ಮುಖ ನೋಡಲಿಲ್ಲ. “ಛಲೋ ಜ್ವಾಕಿ ಮಾಡ್ರಿ ಯವ್ವಾ,” ಎಂದರು. ಅಷ್ಟೇ.

ಮರಿ ಪೊರೆ ಬಿಟ್ಟು ಎರಡು ಸಲ ತಿಂದ ಮೇಲೆ ಒಯ್ಯುವುದೆಂದು ಮಾತಾಯಿತು. ಅವಳು ಹೋದ ಮೇಲೆ ಕಾಕಾ ಅಂದರು, “ಜಾವಳಕ್ಕಿಂತ ಮೊದಲ ಹೆಸರಿಟ್ರಿ.”

“ಅದ ಆಗ್ತೈತಿ ತಗೊ ಕಾಕಾ. ನಿನ್ನ ಹೆಸರ ಐತಲ್ಲ.”

“ಅದಕ್ಕ ಅಂದೆ.”

ಮರಿ ಪೊರೆ ಬಿಟ್ಟ ಮೇಲೆ ಅವರು ಮತ್ತೆ ಬಂದರು. ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಗಡಿಯಲ್ಲಿ ನಾವಿಬ್ಬರೇ, ಆದರೂ ಟವೆಲ್ ಇಳಿಸಿದರು. ಎರಡು ಬೆರಳು. ಬೂದ. ಎಲ್ಲ ಕಡೆ ಸಿಗುವ ಅನೆರಿ.

ಪೂನಮ್ ಮುಂದಿನ ವಾರ ಬರುವವಳಿದ್ದಳು. ಒಂದು ಫೋನು ಮಾಡಿದ್ದರೆ ಸಾಕಿತ್ತು. ಫೋನು ನನ್ನ ಕಿಸೆಯಲ್ಲೇ ಇತ್ತು. ಪೊರೆ ತೆಗೆಸಿದ ಕಣ್ಣು, ತಪ್ಪಿದರೂ ತಪ್ಪೀತು ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದು ಮರಿ ಮಾರುವಾಗ ಆ ಕಣ್ಣಿನ ಮೇಲೆ ನನಗೆ ಈ ಅನುಮಾನ ಬಂದಿರಲಿಲ್ಲ. ಡಬ್ಬಿಯ ಮೇಲೆ ಲ್ಯಾವೆಂಡರ್ ಎಂದು ಬರೆದೇ ಕೊಟ್ಟೆ.

ಅನೆರಿಗೆ ಒಂದು ಗುಣವಿದೆ. ಬೆಳೆಯುತ್ತ ಅದರ ಕೊರಳಿಗೆ ಹಳದಿ ಇಳಿಯುತ್ತದೆ. ಏಳೆಂಟು ತಿಂಗಳಿಗೆ ಪೂನಮ್ಮಳ ಹಾವಿಗೆ ಮದುಮಗಳ ಕೊರಳಿಗೆ ಅರಿಶಿಣ ಹಚ್ಚಿದಂತೆ ಹಳದಿ ಬಂತು. ಅವಳು ಅಂಗಡಿಗೆ ಬಂದಳು. ನಾನು ಮೂರು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

“ಬದಲಿ ಕೇಳಾಕ ಬಂದಿಲ್ಲ ಅಣ್ಣಾರ. ಇದಕ್ಕ ನನ್ನ ಕೈ ರೂಢಿ ಆಗೇತಿ, ಇರಲಿ. ಆದ್ರ ಅಜ್ಜಾರಿಗೆ ಏನೂ ಅನಬ್ಯಾಡ್ರಿ. ವಯಸ್ಸಾಗೇತಿ, ಕಣ್ಣಿನ ಆಪರೇಷನ್ ಬ್ಯಾರೆ ಆಗೇತಿ. ಗ್ರೂಪಿನ್ಯಾಗೂ ಅಷ್ಟ ಹೇಳೇನಿ, ಇನ್ನ ಅವರ ಮ್ಯಾಲ ಭಾರ ಹಾಕೂದು ಬ್ಯಾಡ ಅಂತ.”

ನಾನು “ಹೂಂನ್ರಿ” ಎಂದೆ. ಅವಳಿಗೆ ಚಹಾ ತರಿಸಿದೆ. ಅವಳು ಬೈದಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಮುದುಕನ ಮೇಲೆ ಕನಿಕರಪಟ್ಟು ಹೋದಳು. ಆ ಕನಿಕರವನ್ನು ನಾನು ನನ್ನ ಅಂಗಡಿಯಲ್ಲೇ ನಿಂತು ಒಪ್ಪಿಕೊಂಡೆ.

ಗ್ರೂಪಿನ ಮಾತು ಮೂಡಲಗಿಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಕಾಕಾ ಬರುವುದು ನಿಂತಿತು. ಮೂರು ವಾರ ಕಾದೆ. ಬಸ್ಸಿನ ತಾಪತ್ರಯವಿರಬೇಕು ಎಂದುಕೊಂಡೆ, ಮೊಣಕಾಲು ನೋವಿರಬೇಕು ಎಂದುಕೊಂಡೆ. ನಾಲ್ಕನೆಯ ವಾರ ಸಂತೆಯ ದಿನ ಮೂಡಲಗಿಗೆ ಹೋದೆ. ಹಕ್ಕಿಗಳಿಗೆ ನವಣೆ ತರಬೇಕೆಂದು ಮನೆಯಲ್ಲಿ ಹೇಳಿದ್ದೆ. ನವಣೆ ಗೋಕಾಕದಲ್ಲೂ ಸಿಗುತ್ತದೆ.

ಹಗ್ಗ, ಗೆಜ್ಜೆ ಮಾರುವವರ ಬಾಜೂ ಬೇವಿನ ಗಿಡದ ಕೆಳಗೆ ಕಾಕಾ ಕುಳಿತಿದ್ದರು. ಸಿದ್ರಾಯ ಎಂಬ ಹೊಸ ದಲಾಲ ಒಂದು ಖಿಲಾರಿ ಕರು ಹಿಡಿದು ಅವರೆದುರು ಹಾದುಹೋಗುತ್ತಿದ್ದ. ರೂಢಿಬಲದಿಂದ ಕಾಕಾ ಎದ್ದು, ಕರುವಿನ ಕಿವಿ ಮಡಚಿ ನೋಡಿ, ಹೆಗಲ ಟವೆಲ್ ಇಳಿಸಿ ಕೈ ಚಾಚಿದರು. ಸಿದ್ರಾಯ ಕೈ ಕೊಡಲಿಲ್ಲ.

“ಬ್ಯಾಡ ಬಿಡು ಕಾಕಾ. ನಿನ್ನ ಕಣ್ಣಿನ್ಯಾಗ ಹುಳ ಪೊರಿ ಬಿಟ್ಟ ಹೋಗೇತಂತ!”

ಸುತ್ತ ನಿಂತವರು ನಕ್ಕರು. ಕಾಕಾನೂ ನಕ್ಕರು. ಚಾಚಿದ ಟವೆಲ್ಲನ್ನು ಏನು ಮಾಡಬೇಕೋ ತಿಳಿಯದೆ ಅದರಿಂದ ಮುಖ ಒರೆಸಿಕೊಂಡರು. ಆ ಟವೆಲ್ಲಿನಲ್ಲಿ ಅವರು ಮುಖ ಒರೆಸಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಆಗ ನನ್ನನ್ನು ಕಂಡರು. “ಬರ್ರಿ ಸಾವ್ಕಾರ್ರ. ಬಿಸಲಾಗ ಬಂದೀರಿ, ಚಾ ಹೇಳ್ಲಿ?”

ಬಾಜೂ ಕುಳಿತೆ. ಟವೆಲ್ಲಿನ ತುದಿಯನ್ನು ಕೈಮೇಲೆ ಎಳೆದುಕೊಂಡು, ಅದರ ಕೆಳಗೆ ಅವರ ಕೈ ಹುಡುಕಿ, ಅಂಗೈಯಲ್ಲಿ ಮುಷ್ಟಿ ಕಟ್ಟಿದೆ. ಆಮೇಲೆ ಎರಡು ಬೆರಳು ಒತ್ತಿದೆ. ನೀವು ಹೇಳಿದ್ದು ಇದೇ, ನನಗೆ ಗೊತ್ತಿದೆ ಎಂದು. ಅವರಿಗೆ ತಿಳಿಯಿತು. ಮೆಲ್ಲಗೆ ಕೈ ತೆಗೆದುಕೊಂಡರು.

“ಸಾವ್ಕಾರ್ರ, ಸುಳ್ಳ ಬಾಯಿಲೆ ಹೇಳಿದ್ರಿ. ಖರೇ ಬೆರಳಿಲೆ ಹೇಳ್ತೀರಿ?”

ದಿನವಿಡೀ ಗಿರಾಕಿ ಕರೆಯುವ ಗಂಟಲು ನನ್ನದು. ಅವತ್ತು ನಿಂತ ಮಂದಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ಕಾಕಾಂದು ತಪ್ಪಿಲ್ಲ. ಅವರು ಬೂದ ಅಂದ್ರು. ನಾ ಸುಳ್ಳ ಹೇಳಿ ಮಾರಿದೆ,” ಎಂದೆ.

“ಏನಂದ್ರಿ? ಕೇಳಿಸಲಿಲ್ಲ,” ಎಂದ ಸಿದ್ರಾಯ. ಕುಚೋದ್ಯವೋ, ಖರೇನೇ ಕೇಳಿಸಲಿಲ್ಲವೋ ಗೊತ್ತಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಹೇಳಿದೆ. ಹಗ್ಗದವನು ತಿರುಗಿ ನೋಡಿದ. ಎತ್ತೊಂದೂ ತಿರುಗಿ ನೋಡಿತು. ಫೋನು ತೆಗೆದು ಅದೇ ಮಾತನ್ನು ಗ್ರೂಪಿಗೂ ದನಿಯಲ್ಲೇ ಹಾಕಿದೆ. ಪೂನಮ್ಮಳಿಂದ ಒಂದೇ ಸಾಲು ಬಂತು: “ಅಜ್ಜಾರಿಗೆ ನಾ ಯಾವ ಮಾರಿ ತೋರಸಲಿ?” ನನ್ನ ತಪ್ಪಿನಲ್ಲಿ ಅವಳಿಗೂ ಪಾಲು ಹಂಚಿದ್ದೆ, ಅದು ಆಗ ತಿಳಿಯಿತು.

ಸಿದ್ರಾಯ ಕರುವಿನ ಹಗ್ಗ ಹಿಡಿದು ಒಂದು ಕ್ಷಣ ನಿಂತ. ಆಮೇಲೆ ಅದನ್ನು ಕಾಕಾನ ಹತ್ತಿರ ತಂದು, “ನೋಡ್ರಿ ಒಂದ ಸಲ,” ಎಂದ. ‘ನೋಡು’ ಅಲ್ಲ, ‘ನೋಡ್ರಿ’. ಕಾಕಾ ಟವೆಲ್ ಇಳಿಸಿದರು, ಇಬ್ಬರ ಕೈಗಳೂ ಅದರ ಕೆಳಗೆ ಹೋದವು. ನಾನು ಎದ್ದು ಬಂದೆ. ನವಣೆ ತರುವುದು ಮರೆತೇಹೋಯಿತು.

ಈ ವರ್ಷ ಮೂರನೆಯ ಸಲ ಮರಿಗಳಾದವು. ಒಂಬತ್ತು ಡಬ್ಬಿ. ಕಾಕಾ ಬರುತ್ತಾರೆಂಬ ಆಸೆ ನನಗಿರಲಿಲ್ಲ. ಆರನೆಯ ದಿನ ಬಂದರು. ಅಂಗಡಿಯಲ್ಲಿ ನಿಡಸೋಸಿಯ ಗಿರಾಕಿಯೊಬ್ಬ ನಿಂತಿದ್ದ.

“ಬರ್ರಿ ಕಾಕಾ, ಕುಂದರ್ರಿ,” ಎಂದೆ. ಡಬ್ಬಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು, ಮೊದಲಿನ ಹಾಗೆಯೇ. ನೋಡಿ ಮುಗಿಸಿ ಕೆಳಗಿಟ್ಟಾಗ ನಾನು ಕೈ ಮುಂದೆ ಚಾಚಿದೆ.

ಟವೆಲ್ ಹೆಗಲ ಮೇಲೆಯೇ ಇತ್ತು. ಅವರು ಗಿರಾಕಿಯ ಕಡೆ ತಿರುಗಿ, ಅಂಗಡಿಯ ಹೊರಗೂ ಕೇಳಿಸುವಂತೆ, “ಇನ್ನೂ ಜಾವಳ ಆಗಿಲ್ರೆಪಾ. ಆದ ಮ್ಯಾಲ ಬಾಯಿಲೇನ ಹೇಳ್ತೇನಿ,” ಎಂದರು.

ನನ್ನ ಕೈ ಗಾಳಿಯಲ್ಲೇ ಉಳಿಯಿತು. ಖಾಲಿ ವಾಪಸು ತರಬಾರದೆಂದು ಒಂದು ಡಬ್ಬಿ ಎತ್ತಿಕೊಂಡು ಅದರ ಮುಚ್ಚಳ ಒರೆಸತೊಡಗಿದೆ.