ಅಪ್ಪಯ್ಯನ ಚೂರಿಯ ಬಣ್ಣ

ಕುಂದಾಪುರದ ಅಂಗಡಿಯವರು ಜೇಬಿನಲ್ಲಿಟ್ಟುಕೊಳ್ಳುವಂಥ ಎರಡು ಮಡಚು ಚೂರಿಗಳನ್ನು ಗಾಜಿನ ಮೇಲಿಟ್ಟರು. ಒಂದರ ಅಲಗಿಗೆ ಕಪ್ಪು ಲೇಪವಿತ್ತು, ಇನ್ನೊಂದು ಬೆಳ್ಳಗೆ ಹೊಳೆಯುತ್ತಿತ್ತು. ಉಳಿದಂತೆ ಎರಡೂ ಒಂದೇ. ನನಗೆ ಬೇಕಿದ್ದದ್ದು ಅಪ್ಪಯ್ಯನ ಚೂರಿಯಂಥದ್ದು. ಅವರು ಬಲೆಯ ಹಗ್ಗ ಕೊಯ್ಯುತ್ತಿದ್ದ ಆ ಚೂರಿ ಅವರು ತೀರಿಕೊಂಡ ವರ್ಷವೇ ಎಲ್ಲೋ ಕಳೆದುಹೋಯಿತು. ಅದರ ಅಲಗು ಕಪ್ಪಗಿತ್ತೆಂದು ಆಣೆ ಹಾಕಲೂ ನಾನು ಸಿದ್ಧನಿದ್ದೆ.

“ಉಪ್ಪು ಗಾಳಿಗೆ ಕಪ್ಪೇ ಒಳ್ಳೇದ್, ಬೇಗ ತುಕ್ಕ್ ಹಿಡಿತಿಲ್ಲೆ” ಎಂದರು ಅಂಗಡಿಯವರು. ಆದರೂ ಬೈಂದೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

“ಎಂತ ಕಪ್ಪಾ? ನಿನ್ ಮಂಡೆ ಸಮ ಇತ್ತಾ ಮಾರಾಯ? ದಿನಾ ಸಂಜಿಗೆ ಹೊಯ್ಗಿ ಹಾಕಿ ತಿಕ್ಕಿದ್ದ್ ನಾನ್. ಮುಖ ಕಾಂಬುಕ್ ಆತಿತ್ತ್ ಅದ್ರಗೆ!”

ಹಗಲು ಬಾಳೆಎಲೆ ಕೊಯ್ದು ಕರೆ ಹಿಡಿದ ಅಲಗನ್ನು ನಾನು ನೋಡಿರಬಹುದು, ಸಂಜೆ ಮರಳು ಹಾಕಿ ತಿಕ್ಕಿ ತೊಳೆದದ್ದನ್ನು ಅಕ್ಕ. ಹೀಗೆ ಇಬ್ಬರ ನೆನಪೂ ಸರಿಯೆಂದುಕೊಂಡ ತಕ್ಷಣ ಅನುಮಾನ ಬಂತು. ಅಪ್ಪಯ್ಯ ಬಾಳೆಎಲೆ ಕೊಯ್ದದ್ದನ್ನು ನಾನು ಕಂಡಿದ್ದೇನೆಯೇ, ಅಥವಾ ಈಗಷ್ಟೇ ಮನಸ್ಸಿನಲ್ಲಿ ಕಟ್ಟಿಕೊಂಡೆನೇ? ಯಾವುದನ್ನು ಕೊಂಡರೂ ನಾಳೆಯಿಂದ ಅದೇ ಅಪ್ಪಯ್ಯನ ಚೂರಿಯಾಗಿಬಿಡುತ್ತದೆಂದು ಹೆದರಿಕೆಯಾಯಿತು.

“ಹ್ವಾಯ್, ಚೂರಿ ತಕಂಬುಕೆ ಬಂದದ್ದಾ, ಹೆಣ್ಣ್ ಕಾಂಬುಕೆ ಬಂದದ್ದಾ?” ಅಂಗಡಿಯವರು ನಕ್ಕರು.

ಹೊಳೆಯುವುದನ್ನೇ ತೆಗೆದುಕೊಂಡೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ತಿಕ್ಕಿದವಳು, ನಾನು ದೂರದಿಂದ ನೋಡಿದವನು ಮಾತ್ರ. ತಿಂಗಳಾಯಿತು. ಈಗ ಅಪ್ಪಯ್ಯನನ್ನು ನೆನೆದರೆ ಅವರ ಕೈಯಲ್ಲಿ ಚೂರಿ ಹೊಳೆಯುತ್ತದೆ. ಅದು ಅವರದ್ದೋ, ನನ್ನ ಜೇಬಿನದ್ದೋ ಗೊತ್ತಾಗುತ್ತಿಲ್ಲ.